ನೆಲದ ಬಿಸಿ, ರಾತ್ರಿಯ ಸೆಕೆ

ಏಪ್ರಿಲ್ ತಿಂಗಳ ಉಪಗ್ರಹ ಚಿತ್ರಗಳಿಂದ ಮೈಸೂರಿನ ನೆಲದ ಬಿಸಿಯ ನಕಾಶೆ ಇಂದು ಸಿದ್ಧವಾಯಿತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮೋಡ ಕವಿದ ಭಾಗಗಳನ್ನು ತೆಗೆದುಹಾಕಿ, ವಾರ್ಡುಗಳ ಗಡಿಯನ್ನು ಅದರ ಮೇಲೆ ಕೂರಿಸಿದೆ. ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಕಡುನೀಲಿಯಾಗಿ ಎದ್ದು ಕಂಡವು. ಆದರೆ ಕಣ್ಣು ನಿಂತದ್ದು ವರ್ತುಲ ರಸ್ತೆಯ ಆಚೆಗೆ. ಮಣ್ಣು ಸಮತಟ್ಟು ಮಾಡಿ ನಿವೇಶನದ ಕಲ್ಲು ನೆಟ್ಟಿರುವ ಬಡಾವಣೆಗಳು, ಒಂದು ಮನೆಯೂ ಏಳುವ ಮೊದಲೇ, ಮನೆಗಳು ಒತ್ತೊತ್ತಾಗಿರುವ ಹಳೆಯ ಮಂಡಿ ಮೊಹಲ್ಲಾಕ್ಕಿಂತ ಹೆಚ್ಚು ಕೆಂಪಾಗಿವೆ.

ಇದಕ್ಕೆ ಕಾರಣವಿದೆ. ಈ ಚಿತ್ರಗಳನ್ನು ತೆಗೆದ ಲ್ಯಾಂಡ್‌ಸ್ಯಾಟ್ ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ಬೆಳಗಿನ ಹತ್ತೂವರೆಯ ಸುಮಾರಿಗೆ. ಒಣಗಿದ ಬರಿನೆಲ ಆ ಹೊತ್ತಿಗಾಗಲೇ ಕಾದಿರುತ್ತದೆ. ಕಾಂಕ್ರೀಟು ನಿಧಾನವಾಗಿ ಕಾದು, ಹೀರಿಕೊಂಡ ಬಿಸಿಯನ್ನು ರಾತ್ರಿಯಿಡೀ ಬಿಡುತ್ತದೆ. ಜನರ ನಿದ್ದೆ ಕೆಡಿಸುವುದು ಆ ಬಿಸಿ. ಈ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ಮೇಲಾಗಿ ಇದು ನೆಲದ ತಾಪ, ಗಾಳಿಯದ್ದಲ್ಲ. ಬಣ್ಣ ನೋಡಿ ತೀರ್ಪು ಕೊಡುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ರಾಜ್ಯದ 7 ನಗರಗಳಲ್ಲಿ ಮೈಸೂರು ಇಲ್ಲ ಎಂದು ಕೊರಗುವವರಿದ್ದಾರೆ. ನನಗೆ ಆ ಕೊರಗಿಲ್ಲ. 1903ರಲ್ಲೇ ನಗರ ಸುಧಾರಣೆಗೆಂದು ಟ್ರಸ್ಟ್ ಮಂಡಳಿ ಕಟ್ಟಿಕೊಂಡ ಊರಿದು. ಬೀದಿಬೀದಿಯ ರಾತ್ರಿ ತಾಪಮಾನ ಕೈಯಲ್ಲಿದ್ದರೆ ಯಾವ ರಸ್ತೆಗೆ ಮೊದಲು ಮರ ಬೇಕು ಎಂಬುದನ್ನು ನಾವೇ ನಿರ್ಧರಿಸಬಹುದು. ಮುಂದಿನ ವಾರದಿಂದ ದೇವರಾಜ ಮಾರುಕಟ್ಟೆಯ ಸುತ್ತಲಿನ ಮನೆಗಳಲ್ಲಿ ತಾಪಮಾಪಕ ಇಡುತ್ತಿದ್ದೇನೆ. ತಾರಸಿಯಲ್ಲಿ ಜಾಗ ಕೊಡಬಲ್ಲವರು ದಯವಿಟ್ಟು ತಿಳಿಸಿ.