ಬೇಳೆ ಬೇಯದ ನೀರಲ್ಲಿ ಲೇಬಲ್ ಮಾಡಿದ ಕಥೆ

2024ರ ಮಾರ್ಚ್, ಬೆಂಗಳೂರಲ್ಲಿ ನೀರಿಗೆ ಬರ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದೇ ತಡ, ನಮ್ಮ ಅಡ್ಮಿನ್‌ನವರು ಪೀಣ್ಯದ ಯೂನಿಟ್‌ನಲ್ಲಿ ನೀರು ಶುದ್ಧ ಮಾಡುವ ಆರ್‌ಓ ಮೆಷಿನ್ ಬಂದ್ ಮಾಡಿಸಿದರು. ಅರ್ಧಕ್ಕರ್ಧ ನೀರು ಮೋರಿ ಪಾಲಾಗುತ್ತೆ ಅನ್ನೋದು ಅವರ ಲೆಕ್ಕ. ಸುಳ್ಳಲ್ಲ. ಆದರೆ ಲ್ಯಾಬ್‌ನವರನ್ನ ಒಂದು ಮಾತು ಕೇಳಬಹುದಿತ್ತು ಅಲ್ವಾ?

ಮಾಂಸ ಕೆಟ್ಟಿದೆಯಾ ಅಂತ ಬಣ್ಣದಲ್ಲೇ ಹೇಳುವ ನಮ್ಮ ಲೇಬಲ್ ಹುಟ್ಟೋದು ಜ್ಯೂಸ್ ಅಂಗಡಿಯ ಕಸದಿಂದ. ಬೆಂಗಳೂರು ಬ್ಲೂ ದ್ರಾಕ್ಷಿ ಸಿಪ್ಪೆಯ ಬಣ್ಣ, ಮೋಸಂಬಿ ಸಿಪ್ಪೆಯ ಎಲ್‌ಎಂ ಪೆಕ್ಟಿನ್ (ಕ್ಯಾಲ್ಸಿಯಂ ಸಿಕ್ಕರೆ ಗಟ್ಟಿಯಾಗುವ ಅಂಟು), ಹಾಳೆ ಬಿರಿಯದಿರಲಿ ಅಂತ ಮೇಲಿಷ್ಟು ಗ್ಲಿಸರಾಲ್. ಟ್ರೇಗೆ ಸುರಿದು ಒಣಗಿಸಿದರೆ ತೆಳ್ಳನೆ ಹಾಳೆ. ಅದನ್ನ ಚಿಕನ್ ಡಬ್ಬಿಯ ಮುಚ್ಚಳದೊಳಗೆ ಅಂಟಿಸುತ್ತೇವೆ. ಮಾಂಸ ಕೆಡುತ್ತಾ ಅಮೋನಿಯಾ ಬಿಟ್ಟರೆ ಕೆಂಪು-ನೇರಳೆ ಹೋಗಿ ನೀಲಿ, ಆಮೇಲೆ ಹಸಿರು.

ಅವತ್ತು ಟ್ಯಾಂಕರ್ ನೀರಲ್ಲೇ ಬ್ಯಾಚ್ ಕಲಸಿದೆ. ಗಂಟು ಕಟ್ಟಿದ ಅಂಬಲಿ ಥರ ಆಯ್ತು. ಸುರಿಯುವಾಗ ನೇರಳೆಯೇ ಇತ್ತು, ರಾತ್ರಿ 40 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ನೋಡಿದರೆ ಪೂರ್ತಿ ಪಾಚಿ ಬಣ್ಣ. ಜ್ಯೂಸ್ ಅಂಗಡಿಯವನಿಗೆ ಫೋನ್ ಮಾಡಿ, ಕೊಳೆತ ಸಿಪ್ಪೆ ಕೊಟ್ಟಿದ್ದೀಯ ಅಂತ ಬೈದೆ. 'ಅವತ್ತೇ ಹಿಂಡಿದ್ದು ಸಾರ್' ಅಂದ. ನಂಬಲಿಲ್ಲ. ಮಧ್ಯಾಹ್ನ ಕ್ಯಾಂಟೀನ್ ಅಕ್ಕ, 'ಈ ನೀರಲ್ಲಿ ಆರು ವಿಶಲ್ ಹಾಕಿಸಿದ್ರೂ ಬೇಳೆ ಬೇಯ್ತಿಲ್ಲ ಸಾರ್' ಅಂದರು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಎದ್ದು ಬಂದೆ.

ಮರುದಿನ ಡೆಮೋ. ಮತ್ತೆ ಕಲಸಿ, ಬಣ್ಣ ಬರಲಿ ಅಂತ ಸಿಟ್ರಿಕ್ ಆಸಿಡ್ ಹಾಕಿದೆ. ಒಂದು ಚಿಟಿಕೆ ಅಲ್ಲ, ಜಾಸ್ತಿನೇ. ಗಂಟೂ ಕರಗಿತು, ಗುಲಾಬಿ ಬಣ್ಣವೂ ಬಂತು. ಅಮೋನಿಯಾ ಚೆಕ್ ಮಾಡೋಕೆ ಟೈಮ್ ಇರಲಿಲ್ಲ. ಇತ್ತು, ಮಾಡಲಿಲ್ಲ.

ಮೀಟಿಂಗ್ ರೂಮಲ್ಲಿ ಎರಡು ಡಬ್ಬಿ. ಒಂದು ಫ್ರಿಜ್‌ನದ್ದು, ಇನ್ನೊಂದು ಹಿಂದಿನ ಸಂಜೆಯಿಂದ ಹೊರಗಿದ್ದದ್ದು. ಎರಡರ ಲೇಬಲ್ಲೂ ಗುಲಾಬಿ. 'ಐದು ನಿಮಿಷ ಕೊಡಿ' ಅಂದೆ. ಐದಾಯ್ತು, ಹತ್ತಾಯ್ತು. ಎಸಿ ಹಾಕಿ ಕಿಟಕಿ ಮುಚ್ಚಿದ್ದರಿಂದ ಕೆಟ್ಟ ಮಾಂಸದ ವಾಸನೆ ನಿಧಾನಕ್ಕೆ ಟೇಬಲ್ ಸುತ್ತುತ್ತಿತ್ತು, ಸೇಲ್ಸ್‌ನವರು ನನ್ನನ್ನೇ ನೋಡುತ್ತಿದ್ದರು, ನಾನು ಆ ಲೇಬಲ್ ಮೂಲೆಯಲ್ಲಿ ಎಲ್ಲಾದರೂ ಚೂರು ನೀಲಿ ಕಾಣುತ್ತಾ ಅಂತ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಡೆಮೋ ನೋಡೋಕೆ ಬಂದಿದ್ದ ಮೇಡಂ ದುಪಟ್ಟಾ ಮೂಗಿಗೆ ಹಿಡಿದು, 'ಇದು ಫ್ರೆಶ್ ಅಂತಾನಾ ನಿಮ್ಮ ಲೇಬಲ್ ಹೇಳ್ತಿರೋದು?' ಅಂದರು. ಹೂಂ, ಅದನ್ನೇ ಹೇಳುತ್ತಿತ್ತು. ಹಸಿರು ಲೇಬಲ್ ಆಗಿದ್ದರೆ ಕೆಲಸ ಕೆಟ್ಟಿದೆ ಅಂತಾದರೂ ಗೊತ್ತಾಗುತ್ತಿತ್ತು. ಇದು ನಗುನಗುತ್ತಾ ಸುಳ್ಳು ಹೇಳುವ ಲೇಬಲ್. ಬಂದ ಅಮೋನಿಯಾನೆಲ್ಲ ನಾನು ಸುರಿದ ಆಸಿಡ್ಡೇ ನುಂಗಿ ಹಾಕಿತ್ತು.

ಸಂಜೆ ಕೂತು ಯೋಚಿಸಿದರೆ ಎಲ್ಲಾ ಎದುರಿಗೇ ಇತ್ತು. ಗಡಸು ನೀರು. ಅದರ ಕ್ಯಾಲ್ಸಿಯಂ ಪೆಕ್ಟಿನ್ ಹಿಡಿದು ಗಂಟು ಮಾಡಿತ್ತು. ಬಿಸಿಗೆ ಆ ನೀರಲ್ಲಿದ್ದ ಬೈಕಾರ್ಬನೇಟ್‌ನಿಂದ ಕಾರ್ಬನ್ ಡೈ ಆಕ್ಸೈಡ್ ಹೋಗಿ ಪಿಎಚ್ ಏರಿತ್ತು, ಅಂದರೆ ಅಮೋನಿಯಾ ತಗುಲಿದ ಹಾಗೇ ಕ್ಷಾರ ಜಾಸ್ತಿಯಾಗಿತ್ತು, ಅದಕ್ಕೇ ಹಸಿರು. ಬೇಳೆಯಲ್ಲೂ ಪೆಕ್ಟಿನ್ ಇದೆ. ಅಲ್ಲೂ ಅದೇ ಕ್ಯಾಲ್ಸಿಯಂ ಹಿಡಿದುಕೊಂಡರೆ ಬೇಳೆ ಮೆತ್ತಗಾಗಲ್ಲ. ನಾನು ಎಂಎಸ್ಸಿ ಮಾಡಿದ್ದು ಇದೇ ವಿಷಯದಲ್ಲಿ. ಅಕ್ಕ ಕುಕ್ಕರ್ ನೋಡಿಯೇ ಹೇಳಿದ್ದರು.

ಈಗ ಡಿಸ್ಟಿಲ್ಡ್ ವಾಟರ್ ಕ್ಯಾನ್ ತರಿಸುತ್ತೇವೆ. ಪ್ರತಿ ಬಿಲ್‌ಗೂ ಅಡ್ಮಿನ್‌ನವರು 'ಇಷ್ಟು ನೀರು ಯಾರು ಕುಡೀತಾರೆ?' ಅಂತ ಕೇಳುತ್ತಾರೆ. ಜ್ಯೂಸ್ ಅಂಗಡಿಯವನಿಗೆ ಫೋನ್ ಮಾಡಿ ಸಾರಿ ಕೇಳಿದೆ. 'ಇರಲಿ ಬಿಡಿ ಸಾರ್' ಅಂದ. ಅಲ್ಲಿವರೆಗೆ ಪುಕ್ಕಟೆ ಕೊಡುತ್ತಿದ್ದ ಸಿಪ್ಪೆಗೆ ಅವತ್ತಿಂದ ಮೂಟೆಗೆ ಇಷ್ಟು ಅಂತ ದುಡ್ಡು ಕೇಳುತ್ತಾನೆ.