ಸ್ಕ್ರೂ ಹಾಕಿದ್ದಾಯ್ತು, ಇನ್ನು ಬೆನ್ನಿನ ಕೆಲಸ

ಬೆನ್ನಿನ ಆಪರೇಷನ್ ಆಗಿದ್ದ ನನ್ನನ್ನು ಫಿಸಿಯೋಥೆರಪಿ ಮೇಡಂ ಅಂದು ಬೋರಲು ಮಲಗಿಸಿ, ಹೊಟ್ಟೆಯಡಿ ತೆಳು ದಿಂಬು ಇಟ್ಟರು. ಬೆನ್ನುಮೂಳೆಯ ಎರಡೂ ಪಕ್ಕ ಬೆರಳು ಒತ್ತಿ ಹಿಡಿದರು.

"ನನ್ನ ಬೆರಳನ್ನ ಒಳಗಿಂದ ಮೇಲಕ್ಕೆ ತಳ್ಳಿ ಸರ್. ಮೈ ಮಾತ್ರ ಅಲ್ಲಾಡಬಾರದು."

ತಳ್ಳುವುದು ಯಾವುದರಿಂದ? ನಾನು ಉಸಿರು ಕಟ್ಟಿದೆ, ತೊಡೆ ಬಿಗಿ ಮಾಡಿದೆ, ಹಲ್ಲು ಕಚ್ಚಿದೆ. "ಹಿಪ್ ಟೈಟ್ ಮಾಡ್ಬೇಡಿ, ಉಸಿರು ಬಿಡಿ" ಎಂದರು ಮೇಡಂ. ತುಂಬಾ ಹೊತ್ತಿನ ಮೇಲೆ, "ಹಾಂ, ಬಲಗಡೆ ಸ್ವಲ್ಪ ಬಂತು. ಎಡಗಡೆ ಇನ್ನೂ ಮಲಗಿದೆ" ಎಂದರು. ನನಗಂತೂ ಏನೂ ಗೊತ್ತಾಗಲಿಲ್ಲ. ಅಷ್ಟಕ್ಕೇ ಹಣೆ ಬೆವರಿತ್ತು.

ಮಲೆನಾಡಿನವರಿಗೆ ನನ್ನ ಕತೆ ಹೊಸದಲ್ಲ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಮಾಡು ಹತ್ತಿದ್ದೆ. ರೀಪು ಮುರಿಯಿತು, ಕೂತ ಭಂಗಿಯಲ್ಲೇ ಅಂಗಳಕ್ಕೆ ಬಿದ್ದೆ. ಸೊಂಟದ ಮೊದಲನೇ ಮಣಿ, ಡಾಕ್ಟರ ಭಾಷೆಯಲ್ಲಿ ಎಲ್-1, ಒಡೆಯಿತು. ಪಕ್ಕೆಲುಬಿನ ಗೂಡಿಗೆ ಸೇರಿದ ಮೇಲ್ಬೆನ್ನು ಅಷ್ಟಾಗಿ ಬಾಗುವುದಿಲ್ಲ, ಕೆಳಗಿನ ಸೊಂಟ ಬಾಗುತ್ತದೆ. ಇವೆರಡೂ ಕೂಡುವ ಜಾಗ ಅದು. ಎತ್ತರದಿಂದ ಬಿದ್ದವರ ಬೆನ್ನು ಹೆಚ್ಚಾಗಿ ಅಲ್ಲೇ ಮುರಿಯುತ್ತದೆ. ಬೆನ್ನುಹುರಿ ಮುಗಿಯುವುದೂ ಅಲ್ಲೇ ಆಸುಪಾಸಿನಲ್ಲಿ. ಅದಕ್ಕೆ ಪೆಟ್ಟಾಗದೆ ಉಳಿದದ್ದು ನನ್ನ ಪುಣ್ಯ.

ಒಡೆದ ಮಣಿಯ ಮೇಲಿನದಕ್ಕೂ ಕೆಳಗಿನದಕ್ಕೂ ಸ್ಕ್ರೂ ಹಾಕಿ, ಎರಡು ಟೈಟಾನಿಯಂ ರಾಡ್ ಕೂರಿಸಿದರು. "ಸ್ಕ್ರೂ ಹಾಕಿದ್ಮೇಲೆ ಮುಗೀತಲ್ಲ ಮಾರಾಯ" ಎನ್ನುತ್ತಾರೆ ನೋಡಲು ಬಂದವರೆಲ್ಲ. ಎಲ್ಲಿ ಮುಗಿಯಿತು? ರಾಡಿನ ಕೆಲಸ ಮೂಳೆ ಕೂಡುವವರೆಗೆ. ಮೂಳೆ ಕೂಡದಿದ್ದರೆ ದಿನದಿನದ ಭಾರಕ್ಕೆ ಸ್ಕ್ರೂ ಸಡಿಲವಾಗಬಹುದು, ಮುರಿಯಲೂಬಹುದು. ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಮಣಿಯವರೆಗೆ ಹೋಗಲು ಸರ್ಜನ್ ಬೆನ್ನಿನ ಒಳಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಪಕ್ಕಕ್ಕೆ ಸರಿಸಬೇಕಾಗುತ್ತದೆ. ಮಲ್ಟಿಫಿಡಸ್ ಎಂಬ ಸಣ್ಣ ಸ್ನಾಯುಗಳವು. ಮಣಿಯಿಂದ ಮಣಿಗೆ ಹೆಣೆದುಕೊಂಡು ಬೆನ್ನು ಅಲುಗದಂತೆ ಹಿಡಿಯುತ್ತವೆ. ಒಮ್ಮೆ ಪೆಟ್ಟು ತಿಂದರೆ ನೋವು ಹೋದರೂ ಹಲವರಲ್ಲಿ ತಾವಾಗಿ ಕೆಲಸಕ್ಕೆ ಬರುವುದಿಲ್ಲ. ಮೇಲಿಂದ ತಿಂಗಳುಗಟ್ಟಲೆ ಬ್ರೇಸ್, ಅಂದರೆ ಬೆನ್ನು ಬಾಗದಂತೆ ಹಿಡಿಯುವ ಪಟ್ಟಿ, ಕಟ್ಟಿಕೊಂಡರೆ ಇನ್ನೂ ಸೊರಗಬಹುದು. ಎಕ್ಸ್‌ರೇ ನೋಡಿ ಸರ್ಜನ್ ಹೂಂ ಎಂದ ಮೇಲೆ ಮೇಡಂ ಎಬ್ಬಿಸಲು ಹೊರಟಿದ್ದು ಇವನ್ನೇ.

ಬೆರಳಿನ ಪಾಠ ಮುಗಿದ ಮೇಲೆ ಮಗುವಿನ ಹಾಗೆ ಅಂಬೆಗಾಲಲ್ಲಿ ನಿಲ್ಲಿಸಿದರು. ಹೊಕ್ಕುಳನ್ನು ಮೆಲ್ಲಗೆ ಒಳಗೆಳೆದು, ಒಂದು ಕಾಲನ್ನು ಹಿಂದಕ್ಕೆ ಚಾಚಿ 10 ಸೆಕೆಂಡ್ ಹಿಡಿಯಬೇಕು. ಬೆನ್ನ ಮೇಲೆ ನೀರು ತುಂಬಿದ ಸಣ್ಣ ಲೋಟ ಬೇರೆ! ಎಡಗಾಲು ಎತ್ತಿದಾಗ ಲೋಟ ನಿಂತಿತು. ಬಲಗಾಲು ಎತ್ತುತ್ತಿದ್ದಂತೆ ಸೊಂಟ ವಾಲಿ, ನೀರೆಲ್ಲ ಬನಿಯನ್ನಿಗೆ. ಮೇಡಂ ನಗಲಿಲ್ಲ. "ಕಾಲು ಅಷ್ಟು ಎತ್ತರ ಬೇಡ. ಬೆರಳು ನೆಲ ಬಿಟ್ಟರೆ ಸಾಕು" ಎಂದು ಮತ್ತೆ ಲೋಟ ತುಂಬಿಸಿದರು. ಆಮೇಲೆ ನಿಂತಿತು. ಪೂರ್ತಿ 10 ಸೆಕೆಂಡ್ ಅಲ್ಲ, ಆದರೂ ನಿಂತಿತು. ಆ ಖುಷಿ ನೂರು ಕೆಜಿ ಎತ್ತುವವರಿಗೂ ಸಿಗಲಿಕ್ಕಿಲ್ಲ.

ಪಕ್ಕದ ಮನೆಯವರು ಹೇಳಿದ್ದ ಭುಜಂಗಾಸನದ ಬಗ್ಗೆ ಕೇಳಿದೆ. ಸದ್ಯಕ್ಕೆ ಬೇಡ ಎಂದರು. ಮುಂದೆ ಬಗ್ಗುವುದು, ಸೊಂಟ ತಿರುಚುವುದು, ಭಾರ ಎತ್ತುವುದು ಕೂಡ ಬೇಡ. ನಡೆಯುವುದು ಮಾತ್ರ ಎಷ್ಟಾದರೂ ಸರಿ, ಅದೂ ಸಪಾಟು ದಾರಿಯಲ್ಲಿ. ನಮ್ಮೂರಲ್ಲಿ ಸಪಾಟು ದಾರಿ ಎಂದರೆ ಶಾಲೆಯ ಮೈದಾನ ಒಂದೇ. ಇರಲಿ.

ಜೊತೆಗೆ ಬಂದಿದ್ದ ಅಮ್ಮನಿಗೆ ಇದ್ಯಾವುದೂ ಚಿಕಿತ್ಸೆ ಅನ್ನಿಸಿರಲಿಲ್ಲ. "ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ನೀವಿದ್ರೆ ಸರಿಯಾಗಲ್ವಾ?" ಎಂದು ಕೇಳಿಯೇಬಿಟ್ಟರು. ಆಪರೇಷನ್ ಆದ ಜಾಗ ಮುಟ್ಟಲೇಬೇಡಿ, ಬೇಕಾದರೆ ಕಾಲಿಗೆ ಮೆಲ್ಲಗೆ ಹಚ್ಚಿ ಎಂದರು ಮೇಡಂ. ಅಮ್ಮನಿಗೆ ಅಷ್ಟೇ ಸಾಕಿತ್ತು. ಮನೆಗೆ ಬಂದು ನಾನು ಬ್ರೇಸ್ ಬಿಚ್ಚುವ ಮೊದಲೇ ಎಣ್ಣೆ ಬಿಸಿಯಾಗಿತ್ತು.