ನೆಕ್ಕಿ ಗೆಲ್ಲು

ಇವತ್ತಿಡೀ ಮುಳ್ಳೇರಿಯದ ನರ್ಸರಿಯಲ್ಲಿ ನೆಕ್ಕಿ (ಲಕ್ಕಿ) ಗಿಡದ ಗೆಲ್ಲು, ಅಂದರೆ ಕೊಂಬೆಯ ತುಂಡು, ಊರುವ ಕೆಲಸ. ಬಲಿತ ಗೆಲ್ಲೇ ಆಗಬೇಕು, ಪೆನ್ಸಿಲಿನಷ್ಟು ದಪ್ಪ, ಒಂದು ಗೇಣು ಉದ್ದ. ಬುಡವನ್ನು ಗಂಟಿನ ಕೆಳಗೆ ನೇರ ಕತ್ತರಿಸಿ, ತುದಿಯನ್ನು ಓರೆಯಾಗಿ ಕತ್ತರಿಸಿದರೆ ತಲೆಕೆಳಗಾಗಿ ಊರುವ ಭಯವಿಲ್ಲ. ಎರಡು ಗಂಟಾದರೂ ಮರಳುಮಣ್ಣಿನೊಳಗೆ ಹೋಗಬೇಕು. ಗೆಲ್ಲಿನಲ್ಲೇ ಕೂಡಿಟ್ಟ ಆಹಾರದಿಂದ ಬೇರಿಗೂ ಮೊದಲೇ ಎಲೆ ಚಿಗುರುವುದುಂಟು. ಚಿಗುರು ಕಂಡ ಕೂಡಲೇ ಎಳೆದು ನೋಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಎಳೆಯ ಬಿಳಿ ಬೇರು, ಮುಟ್ಟಿದರೆ ಮುರಿಯುವಂಥದ್ದು!

ಪಯಸ್ವಿನಿ ಹೊಳೆಯ ದಡ ಕುಸಿದಾಗೆಲ್ಲ ಕಲ್ಲಿನ ಗೋಡೆಯ ಮಾತೇ ಕೇಳುತ್ತೇವೆ. ಬೇಕಾದಲ್ಲಿ ಗೋಡೆಯೂ ಬೇಕು. ಆದರೆ ನೆಕ್ಕಿ ಮಣ್ಣನ್ನೂ ಹಿಡಿಯುತ್ತದೆ, ಜೇನಿಗೆ ಹೂವನ್ನೂ ಕೊಡುತ್ತದೆ. ದನಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹೊಳೆಕರೆಯಲ್ಲಿ ತೋಟ ಇರುವವರು ಮಳೆ ಹಿಡಿದ ಮೇಲೆ ಬನ್ನಿ, ಗಿಡ ಕೊಡುತ್ತೇನೆ.